ಎರಡೂವರೆ ಗುಂಟೆಯ ಜಮೀನ್ದಾರಿಕೆ

ಬೇಲಿಯಾಚೆ ಯಾರಾದರೂ ಗಂಟಲು ಸರಿಮಾಡಿಕೊಂಡರೆಂದರೆ ಒಂದು ಸಲಹೆ ಬರುತ್ತಿದೆ ಎಂದೇ ಅರ್ಥ. ಇಂಗ್ಲೆಂಡಿನ ಲೆಸ್ಟರಿನ ಈ ಅಲಾಟ್‌ಮೆಂಟ್ ತೋಟದಲ್ಲಿ, ಅಂದರೆ ತರಕಾರಿ ಬೆಳೆಯಲು ಜನರಿಗೆ ತುಂಡುತುಂಡಾಗಿ ಬಾಡಿಗೆಗೆ ಕೊಡುವ ನೆಲದಲ್ಲಿ, ಗುದ್ದಲಿ ಹಿಡಿದ ಹೊಸಬ ಕಂಡರೆ ಸಾಕು, ಎಲ್ಲರಿಗೂ ನಾಲಗೆ ತುರಿಸುತ್ತದೆ. ಚಿಪ್ಪಿಲ್ಲದ ಬಸವನಹುಳುಗಳಿಗೆ ಬಟ್ಟಲಲ್ಲಿ ಬಿಯರ್ ಇಡಬೇಕು ಎನ್ನುತ್ತಾರೆ ಎಡಗಡೆಯ ಹಿರಿಯರು. ಬಲಗಡೆಯವರ ನಂಬಿಕೆಯೆಲ್ಲ ಮೊಟ್ಟೆಚಿಪ್ಪಿನ ಪುಡಿಯ ಮೇಲೆ. ಹಿಂದಿನ ಪ್ಲಾಟಿನ ಗುಜರಾತಿ ಅಜ್ಜಿಗೆ ಇವೆರಡೂ ನಗೆಪಾಟಲು; ರಾತ್ರಿ ಟಾರ್ಚ್ ಹಿಡಿದು ಬಂದು ಕೈಯಲ್ಲೇ ಆರಿಸಬೇಕಂತೆ. ಈ ಹುಳುಗಳನ್ನು ಕೊಲ್ಲುವ ಮೆಟಲ್ಡಿಹೈಡ್ ಗುಳಿಗೆಗಳನ್ನು ಸರ್ಕಾರ 2022ರಲ್ಲಿ ನಿಷೇಧಿಸಿದ ಮೇಲೆ ಸಲಹೆಗಳ ಇಳುವರಿ ಇನ್ನೂ ಹೆಚ್ಚಿರಬೇಕು. ಹುಳುಗಳು ಮಾತ್ರ ಯಾರ ಮಾತಿಗೂ ಕಿವಿಗೊಡದೆ, ನನ್ನ ಲೆಟ್ಯೂಸ್ ಸಸಿಗಳನ್ನು ದಂಟಿನವರೆಗೆ ಬೋಳಿಸಿ, ಮಣ್ಣಿನ ಮೇಲೆ ಹೊಳೆಯುವ ಲೋಳೆಗೆರೆ ಎಳೆದು ಹೋಗುತ್ತವೆ.

ಇಲ್ಲಿ ತೋಟದ ನೆಲವನ್ನು ಇಂದಿಗೂ ರಾಡ್ ಎಂಬ ಹಳೆಯ ಇಂಗ್ಲಿಷ್ ಅಳತೆಯ ಲೆಕ್ಕದಲ್ಲಿ ಅಳೆಯುತ್ತಾರೆ. ಪೂರ್ತಿ ಪ್ಲಾಟ್ ಎಂದರೆ 10 ರಾಡ್. ಎಕರೆಗೆ 160 ರಾಡ್, 40 ಗುಂಟೆ. ಆದ್ದರಿಂದ ನನ್ನದು ಸರಿಯಾಗಿ ಎರಡೂವರೆ ಗುಂಟೆ. ಅಷ್ಟನ್ನು ಹೇಳಿದರೆ ಊರಿನಲ್ಲಿ ನಗುತ್ತಾರೆಂದು ‘ಇಂಗ್ಲೆಂಡಿನಲ್ಲಿ ಜಮೀನು ಮಾಡಿದ್ದೇನೆ’ ಎಂದಷ್ಟೇ ಸುದ್ದಿ ಬಿಟ್ಟೆ. ಅದು ಕೋಲಾರದ ಚಿಕ್ಕಮ್ಮನ ಕಿವಿಗೆ ಬಿತ್ತು. ಅವರು ಕೇಳಿದ್ದು ಒಂದೇ ಪ್ರಶ್ನೆ: “ಅವರೆ ಹಾಕಿದ್ದೀಯೋ ಇಲ್ಲವೋ?”

ಹಾಕಿದೆ. ಗುಜರಾತಿ ಅಂಗಡಿಯ ಒಣ ಅವರೆ, ಮೇ ತಿಂಗಳ ಕೊನೆಗೆ. ಬಳ್ಳಿ ಬಿದಿರುಕೋಲು ಹತ್ತಿತು, ತುದಿ ಮುಟ್ಟಿತು, ಹಿಡಿಯಲು ಏನೂ ಸಿಗದೆ ತನ್ನನ್ನೇ ಸುತ್ತಿಕೊಂಡಿತು. ಅಂಗೈ ಅಗಲದ ಎಲೆಗಳು. ಹೂವಿನ ಸುಳಿವಿಲ್ಲ. ಜುಲೈ ಕಳೆಯಿತು, ಆಗಸ್ಟ್ ಕಳೆಯಿತು.

“ಗೊಬ್ಬರ ಹೆಚ್ಚಾಗಿ ಬಳ್ಳಿಗೆ ಸೊಕ್ಕು ಬಂದಿದೆ. ನೀರು ನಿಲ್ಲಿಸು” ಎಂದರು ಚಿಕ್ಕಮ್ಮ. ಇಂಗ್ಲೆಂಡಿನಲ್ಲಿ ನೀರು ನಿಲ್ಲಿಸುವುದು ನನ್ನ ಕೈಯಲ್ಲಿದೆಯೇ? ಅಸಲು ಸಂಗತಿ ಗೊಬ್ಬರವಲ್ಲ, ಬೆಳಕು. ನಾಟಿ ಅವರೆಗೆ ರಾತ್ರಿ ಉದ್ದವಾಗದೆ ಹೂವು ಬರುವುದಿಲ್ಲ. ಕೋಲಾರದ ಸೀಮೆಯಲ್ಲಿ ರಾಗಿಯ ನಡುವೆ ಅಕ್ಕಡಿ ಸಾಲಿನಲ್ಲಿ ಬಿತ್ತಿದ್ದು ರಾಗಿ ಕುಯ್ಲಿನ ಹೊತ್ತಿಗೆ ಹೂವಾಗಿ, ಮಾಗಿಯ ಇಬ್ಬನಿ ಕುಡಿದು, ಸಂಕ್ರಾಂತಿಯ ವೇಳೆಗೆ ಕೈಗೆಲ್ಲ ಸೊಗಡು ಅಂಟಿಸುತ್ತದೆ. ಲೆಸ್ಟರಿನಲ್ಲಿ ಜೂನ್ ತಿಂಗಳ ಹಗಲು 16 ಗಂಟೆಗೂ ಮೀರಿದ್ದು. ಪಾಪದ ಬಳ್ಳಿ ಯಾವ ಪಂಚಾಂಗ ನೋಡಬೇಕು?

ಹಾಗಾದರೆ ಹಗಲು ರಾತ್ರಿಯ ಗೊಡವೆಯಿಲ್ಲದೆ ಕಾಯಿ ಬಿಡುವ ಹೆಬ್ಬಾಳದ ತಳಿ ಹಾಕಲೇ ಎಂದೆ. “ಅದಕ್ಕೆ ಸೊಗಡೆಲ್ಲಿದೆ?” ಎಂದು ಫೋನಿನಲ್ಲೇ ಗದರಿದರು. ಬಳ್ಳಿಯೇ ಕಾಯಿ ಕೊಡದಿರುವಾಗ ಸೊಗಡಿನ ಹಟವೇಕೆ ಎಂದು ಕೇಳುವ ಧೈರ್ಯ ನಮ್ಮ ಮನೆತನದಲ್ಲಿ ಯಾರಿಗೂ ಇಲ್ಲ.

ಅಕ್ಟೋಬರಿನಲ್ಲಿ, ಹೋಗಲಿ ಎಂಬಂತೆ, ಒಂದು ತೆನೆ ಮೇಲೆದ್ದು ನೇರಳೆ ಹೂ ಬಿಟ್ಟಿತು. ಅದೇ ವಾರ ತೋಟದ ಸಮಿತಿಯ ಮಹಿಳೆ ತಪಾಸಣೆಗೆ ಬಂದರು. “ಎಷ್ಟು ಚೆಂದ! ಆದರೆ ಅಲಂಕಾರದ ಬಳ್ಳಿಗೆ ಇಷ್ಟೊಂದು ಜಾಗವೇ?” ಎಂದರು. ಇಲ್ಲಿನ ಬೀಜದ ಕ್ಯಾಟಲಾಗುಗಳಲ್ಲಿ ನಮ್ಮ ಅವರೆ ಕೂತಿರುವುದು ಹೂಬಳ್ಳಿಗಳ ಸಾಲಿನಲ್ಲಿ. ಅಲಾಟ್‌ಮೆಂಟ್ ಗಾರ್ಡನ್ ಎಂದರೆ ಮುಖ್ಯವಾಗಿ ಮನೆಮಂದಿ ತಿನ್ನಲು ತರಕಾರಿ, ಹಣ್ಣು ಬೆಳೆಯುವ ನೆಲ ಎನ್ನುತ್ತದೆ 1922ರ ಕಾನೂನು. ಅಂದರೆ ಹಿತಕಿದ ಬೇಳೆಯ ಸಾರು ಕುಡಿದು ಬೆಳೆದ ನಾನು ಈಗ ಹೂದೋಟದ ಆರೋಪಿ!

ಮುಂದಿನ ವರ್ಷ ರನ್ನರ್ ಬೀನ್ಸ್ ಹಾಕಿ ಎಂದು ಸಲಹೆಯನ್ನೂ ಕೊಟ್ಟರು. ಆ ಬೀನ್ಸ್ ಕೂಡ ಈ ದೇಶಕ್ಕೆ 17ನೇ ಶತಮಾನದಲ್ಲಿ ಬಂದದ್ದು ಕೆಂಪು ಹೂವಿನ ಅಂದಕ್ಕೆಂದೇ ಎಂಬುದು ನಾಲಗೆಯ ತುದಿಗೆ ಬಂದಿತ್ತು. ಪ್ಲಾಟ್ ಉಳಿಸಿಕೊಳ್ಳಬೇಕಲ್ಲ, ನುಂಗಿಕೊಂಡೆ. ತಿಂಗಳು ಮುಗಿಯುವ ಮೊದಲೇ ಹಿಮ ಬಿದ್ದು ಬಳ್ಳಿಯೆಲ್ಲ ಬೇಯಿಸಿದ ಸೊಪ್ಪಿನಂತೆ ಕಪ್ಪಾಗಿ ಜೋತುಬಿತ್ತು.

ಚಿಕ್ಕಮ್ಮನಿಗೆ ಎಲ್ಲ ವರದಿ ಮಾಡಿದೆ. “ಆಕೆಗೆ ಒಂದು ದಿನ ಹಿತಕಿದ ಬೇಳೆ ಸಾರು ಮಾಡಿ ಬಡಿಸು, ಯಾವುದು ಅಲಂಕಾರವೋ ಗೊತ್ತಾಗಲಿ” ಎಂದರು. ಮಾಡಬಹುದು. ಗುಜರಾತಿ ಅಂಗಡಿಯ ಫ್ರೀಜರಿನಲ್ಲಿ ಬಿಡಿಸಿದ ಅವರೆಕಾಳು ವರ್ಷವಿಡೀ ಸಿಗುತ್ತದೆ.