ಇಲಿಗಳು ಇನ್ನು ಸಾಯುವುದಿಲ್ಲ

ಕ್ಯಾನ್ಸರ್‌ಗೆ ಮದ್ದು ಮತ್ತೆ ಸಿಕ್ಕಿದೆ. ನೀವೂ ಓದಿರುತ್ತೀರಿ. ಹೋದ ತಿಂಗಳು ಸಿಕ್ಕಿತ್ತಲ್ಲ, ಅದಲ್ಲ. ಅದರ ಹಿಂದಿನ ತಿಂಗಳಿನದೂ ಅಲ್ಲ. ಇದು ಹೊಸ ಮದ್ದು, ‘ವೈದ್ಯಲೋಕವನ್ನೇ ಬೆರಗಾಗಿಸಿದ’ ಮದ್ದು. ವೈದ್ಯಲೋಕ ಹೀಗೆ ವಾರಕ್ಕೊಮ್ಮೆ ಬೆರಗಾಗುತ್ತಾ ಕೂತರೆ ರೋಗಿಗಳನ್ನು ನೋಡುವುದು ಯಾವಾಗಲೋ. ಸುದ್ದಿಯ ಬಾಲದಲ್ಲಿ, ಯಾರೂ ಓದದ ಜಾಗ ಹುಡುಕಿ, ಒಂದು ಬಡಪಾಯಿ ವಾಕ್ಯವನ್ನು ಕೂರಿಸಿದ್ದಾರೆ: ‘ಸದ್ಯ ಪ್ರಯೋಗ ಇಲಿಗಳ ಮೇಲೆ ಯಶಸ್ವಿಯಾಗಿದೆ.’

ಗುಡ್ಡ ಅಗೆದು ಇಲಿ ಹಿಡಿಯುವುದು ಹಳೇ ಕಾಲದ ಕಸುಬು. ಈಗ ಮೊದಲು ಇಲಿ ಹಿಡಿದು, ಆಮೇಲೆ ಅದರ ಮೇಲೆ ಗುಡ್ಡ ಪೇರಿಸುತ್ತಾರೆ.

ಇಲಿಗಳ ಭಾಗ್ಯ ನೋಡಿದರೆ ಹೊಟ್ಟೆಕಿಚ್ಚಾಗಬೇಕು. ಅವುಗಳ ಸಕ್ಕರೆ ಕಾಯಿಲೆ ಹೋಗಿ ಎಷ್ಟೋ ವರ್ಷವಾಯಿತು. ಮರೆವು ಹೋಯಿತು. ಬೋಳಾದಲ್ಲಿ ಕೂದಲು ಬಂತು, ಮುಪ್ಪೂ ಹಿಂದಕ್ಕೆ ಸರಿಯಿತು. ಜೇಮ್ಸ್ ಹೆದರ್ಸ್ ಎಂಬ ಸಂಶೋಧಕರು 2019ರಲ್ಲಿ ಟ್ವಿಟರಿನಲ್ಲಿ ಒಂದು ಖಾತೆಯನ್ನೇ ತೆರೆದರು. ಇಂಥ ಸುದ್ದಿಗಳನ್ನು ಹಂಚಿ, ಮೇಲೆ ‘ಇಲಿಗಳಲ್ಲಿ’ ಎಂದಷ್ಟೇ ಬರೆಯುವುದು ಅದರ ಕೆಲಸ. ಒಂದೇ ಒಂದು ಪದದ ತಿದ್ದುಪಡಿ. ಅದಕ್ಕೆ ಕೆಲಸ ಕಡಿಮೆಯಾದದ್ದೇ ಇಲ್ಲ.

ಆ ಇಲಿಗಳಾದರೂ ಎಂಥವು? ಬ್ಲ್ಯಾಕ್-6 ತಳಿ ಎನ್ನುತ್ತಾರೆ. ಅಣ್ಣ-ತಂಗಿ ಕೂಡಿಸಿ ಇಪ್ಪತ್ತಕ್ಕೂ ಹೆಚ್ಚು ತಲೆಮಾರು ಬೆಳೆಸಿದ್ದರಿಂದ ಒಂದು ಇನ್ನೊಂದರ ನಕಲು. ಎಲ್ಲಕ್ಕೂ ಆರರಿಂದ ಎಂಟು ವಾರದ ವಯಸ್ಸು, ಒಂದೇ ಮೇವು, ಹನ್ನೆರಡು ಗಂಟೆ ಬೆಳಕು, ಹನ್ನೆರಡು ಗಂಟೆ ಕತ್ತಲು. ಪಕ್ಕೆಯ ಚರ್ಮದಡಿ ಸುಮಾರು 10 ಲಕ್ಷ ಕ್ಯಾನ್ಸರ್ ಕೋಶಗಳನ್ನು ಚುಚ್ಚುತ್ತಾರೆ. ಗಡ್ಡೆ ಕೈಗೆ ಸಿಗುವಂತಾಗಿ 100 ಘನ ಮಿಲಿಮೀಟರ್ ಮುಟ್ಟಿದರೆ ಮದ್ದು ಶುರು. ಕ್ಯಾಲಿಪರ್ ಹಿಡಿದು ಉದ್ದ, ಅಗಲ ಅಳೆದು, ಉದ್ದವನ್ನು ಅಗಲದ ವರ್ಗದಿಂದ ಗುಣಿಸಿ ಎರಡರಿಂದ ಭಾಗಿಸಿದರೆ ಗಡ್ಡೆಯ ಗಾತ್ರ. ಅಗಲದಲ್ಲಿ ಕೂದಲೆಳೆ ತಪ್ಪಿದರೂ ವರ್ಗವಾಗಿ ದೊಡ್ಡದಾಗುತ್ತದೆ. ಅಳೆಯುವವರಿಗೆ ಯಾವ ಪಂಜರಕ್ಕೆ ಮದ್ದು ಹೋಗಿದೆ ಎಂದು ಗೊತ್ತಿದ್ದರಂತೂ ಕ್ಯಾಲಿಪರ್ ಸ್ವಲ್ಪ ದಯೆ ತೋರುತ್ತದೆ. ಹೀಗೆ ಕೆಲವೇ ವಾರಗಳ, ಒಂದೇ ಕೋಶದ ಸಂತತಿಯಂಥ ಗಡ್ಡೆ ಕುಗ್ಗುತ್ತದೆ. ಮನುಷ್ಯರಲ್ಲಿ ವರ್ಷಗಟ್ಟಲೆ ಬೆಳೆದು, ಒಂದೇ ಗಡ್ಡೆಯೊಳಗೆ ಹತ್ತು ಬಗೆಯಾಗಿ, ಯಕೃತ್ತಿಗೂ ಮೂಳೆಗೂ ಹರಡಿ ಕೂತ ಕಾಯಿಲೆಗೆ ಇದನ್ನೇ ಉತ್ತರ ಎಂದು ಅಚ್ಚು ಹಾಕುತ್ತಾರೆ.

ಇನ್ನೊಂದು ಸ್ವಾರಸ್ಯ ಕೇಳಿ. ಪ್ರಯೋಗಾಲಯದ 22 ಡಿಗ್ರಿ ಮನುಷ್ಯರಿಗೆ ಹಿತ, ಇಲಿಗೆ ಚಳಿ. ಅದಕ್ಕೆ ಹಿತವೆನಿಸುವುದು 30ರ ಆಸುಪಾಸು. ಮೈ ಬೆಚ್ಚಗಿಡುವುದಕ್ಕೇ ಶಕ್ತಿ ಸೋರಿ ರೋಗನಿರೋಧಕತೆ ಸೊರಗುತ್ತದೆ. 30ರಲ್ಲಿಟ್ಟ ಇಲಿಗಳಲ್ಲಿ ಗಡ್ಡೆ ನಿಧಾನವಾಗಿ ಬೆಳೆಯುತ್ತದೆಂದು 2013ರಲ್ಲೇ ತೋರಿಸಿದ್ದಾರೆ. ‘ಕಂಬಳಿ ಹೊದ್ದರೆ ಕ್ಯಾನ್ಸರ್ ಮಾಯ’ ಎಂಬ ಶೀರ್ಷಿಕೆ ಇನ್ನೂ ಬಂದಿಲ್ಲ. ಕಂಬಳಿಗೆ ಪೇಟೆಂಟ್ ಸಿಗುವುದಿಲ್ಲ ನೋಡಿ.

ಡೋಸಿನ ವಿಷಯದಲ್ಲೂ ಇದೇ ಕಥೆ. ಇಲಿಗೆ ಕೆ.ಜಿ.ಗೆ 100 ಮಿ.ಗ್ರಾಂ. ಕೊಟ್ಟರು ಎಂದರೆ, 60 ಕೆ.ಜಿ. ಮನುಷ್ಯನಿಗೆ 6 ಗ್ರಾಂ ಎಂದು ಸುದ್ದಿಮನೆಯಲ್ಲಿ ಲೆಕ್ಕ ಹಾಕುತ್ತಾರೆ. ಇಲಿಯ ದೇಹ ಮದ್ದನ್ನು ಬೇಗ ಕರಗಿಸಿ ಹೊರಹಾಕುತ್ತದೆ. ಆದ್ದರಿಂದ ಇಲಿಯ ಡೋಸನ್ನು ಮೊದಲು 12.3ರಿಂದ ಭಾಗಿಸಬೇಕು. ಆಗ ಬರುವುದು ಅರ್ಧ ಗ್ರಾಂಗಿಂತ ಕಡಿಮೆ, ಅದೂ ಸುರಕ್ಷತೆಗೆಂದು ಇನ್ನಷ್ಟು ತಗ್ಗಿಸಿ ಶುರುಮಾಡಲು ಬೇಕಾದ ಒಂದು ಅಂದಾಜು ಮಾತ್ರ.

ಇಲಿಯೂ ಬೇಡ, ಗಾಜಿನ ತಟ್ಟೆ ಸಾಕು ಎನ್ನುವವರೂ ಇದ್ದಾರೆ. ತಟ್ಟೆಯಲ್ಲಿ ಕ್ಯಾನ್ಸರ್ ಕೋಶವನ್ನು ಬ್ಲೀಚ್ ಕೂಡ ಕೊಲ್ಲುತ್ತದೆ. 2020ರಲ್ಲಿ ಆಸ್ಟ್ರೇಲಿಯದ ಒಂದು ತಂಡ ಮಂಗನ ಮೂತ್ರಪಿಂಡದ ಕೋಶಗಳಿಗೆ ಕೊರೊನಾ ವೈರಸ್ ತಗುಲಿಸಿ, 5 ಮೈಕ್ರೋಮೋಲಾರ್ ಸಾಂದ್ರತೆಯಲ್ಲಿ ಐವರ್ಮೆಕ್ಟಿನ್ ಎಂಬ ಹುಳದ ಮದ್ದು ಹಾಕಿತು. 48 ಗಂಟೆಯಲ್ಲಿ ವೈರಸ್ಸಿನ ಆರ್‌ಎನ್‌ಎ ಸುಮಾರು ಐದು ಸಾವಿರ ಪಟ್ಟು ಇಳಿಯಿತು. ಪ್ರಯೋಗ ಸರಿಯಾಗಿಯೇ ಇತ್ತು. ರಕ್ತದಲ್ಲಿ ಅಷ್ಟು ಸಾಂದ್ರತೆ ಬರಬೇಕಾದರೆ ಮಾಮೂಲಿ ಡೋಸಿನ ಹತ್ತಾರು ಪಟ್ಟು ನುಂಗಬೇಕು ಎಂಬುದು ಶೀರ್ಷಿಕೆಯಲ್ಲಿ ಹಿಡಿಸಲಿಲ್ಲ, ಅಷ್ಟೆ. ಕೊನೆಗೆ 2021ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಕುದುರೆಗೆ ಕೊಡುವ ಐವರ್ಮೆಕ್ಟಿನ್ ನುಂಗತೊಡಗಿದ ಪ್ರಜೆಗಳಿಗೆ ‘ನೀವು ಕುದುರೆಯಲ್ಲ’ ಎಂದು ಬಿಡಿಸಿ ಹೇಳಬೇಕಾಯಿತು.

ಇದರಲ್ಲಿ ತಮಾಷೆ ಮುಗಿಯುವ ಜಾಗವೊಂದಿದೆ. 1998ರ ಮೇ ತಿಂಗಳಲ್ಲಿ ನ್ಯೂಯಾರ್ಕ್ ಟೈಮ್ಸ್ ಮುಖಪುಟದಲ್ಲಿ ಕ್ಯಾನ್ಸರ್ ಸಂಶೋಧಕ ಜೂಡಾ ಫೋಕ್‌ಮನ್ನರ ಎಂಡೋಸ್ಟಾಟಿನ್ ಎಂಬ, ಇಲಿಗಳಲ್ಲಿ ಗೆದ್ದಿದ್ದ ಮದ್ದಿನ ಬಗ್ಗೆ ಬರೆಯಿತು. ಎರಡೇ ವರ್ಷದಲ್ಲಿ ಕ್ಯಾನ್ಸರ್ ವಾಸಿ ಎಂದು ಡಿಎನ್‌ಎ ಖ್ಯಾತಿಯ ಜೇಮ್ಸ್ ವಾಟ್ಸನ್ ಹೇಳಿದರೆಂದು ಅದರಲ್ಲಿತ್ತು. ಹಾಗೆ ಹೇಳಿಲ್ಲವೆಂದು ವಾಟ್ಸನ್ ಆಮೇಲೆ ಅಂದರು. ಮದ್ದಿನ ಕಂಪನಿಯ ಷೇರು 12 ಡಾಲರಿನಿಂದ ಎದ್ದು ಒಂದೇ ದಿನದಲ್ಲಿ 85 ಮುಟ್ಟಿ ಬಂತು. ಮನುಷ್ಯರ ಮೇಲಿನ ಪ್ರಯೋಗದಲ್ಲಿ ಅಂಥ ಪವಾಡವೇನೂ ಕಾಣಲಿಲ್ಲ. ‘ನೀವು ಇಲಿಯಾಗಿದ್ದು ನಿಮಗೆ ಕ್ಯಾನ್ಸರ್ ಬಂದಿದ್ದರೆ ಚೆನ್ನಾಗಿ ನೋಡಿಕೊಳ್ಳಬಲ್ಲೆವು’ ಎಂಬರ್ಥದ ಮಾತನ್ನು ಫೋಕ್‌ಮನ್ನರೇ ಆಡಿದ್ದರು, ಪಾಪ. ಷೇರು ಮಾರಿದವರು ದುಡ್ಡು ಮಾಡಿಕೊಂಡರು. ಆ ಮದ್ದು ನಮಗೂ ಕೊಡಿ ಎಂದು ಆಸ್ಪತ್ರೆಗಳಿಗೆ ಫೋನ್ ಮಾಡಿದ ರೋಗಿಗಳಿಗೆ ಆ ಎರಡು ವರ್ಷವೂ ಇರಲಿಲ್ಲ. ಇದು ನಗುವ ವಿಷಯವಲ್ಲ. ಸಾಯುತ್ತಿರುವವರ ಮನೆಗೆ ಬೆಳಗಾದರೆ ಸುಳ್ಳು ಹಂಚಿ, ‘ಪಾಸಿಟಿವ್ ಸ್ಟೋರಿ’ ಎಂದು ಬೆನ್ನು ತಟ್ಟಿಕೊಳ್ಳುವವರಿಗೆ ಬೇರೆ ಯಾವ ಭಾಷೆಯಲ್ಲಿ ಹೇಳಬೇಕು?

ಪತ್ರಕರ್ತರನ್ನಷ್ಟೇ ಬೈದರೆ ಅನ್ಯಾಯ. ಬ್ರಿಟನ್ನಿನ 20 ವಿಶ್ವವಿದ್ಯಾಲಯಗಳ 462 ಪತ್ರಿಕಾ ಪ್ರಕಟಣೆಗಳನ್ನು ಮೂಲ ಪ್ರಬಂಧಗಳ ಪಕ್ಕದಲ್ಲಿಟ್ಟು ಓದಿದವರು 2014ರಲ್ಲಿ ಬಿಎಂಜೆ ಎಂಬ ವೈದ್ಯಪತ್ರಿಕೆಯಲ್ಲಿ ಲೆಕ್ಕ ಕೊಟ್ಟರು. ಓದುಗರಿಗೆ ಕೊಟ್ಟ ಸಲಹೆಯನ್ನು ಶೇ 40ರಷ್ಟು ಪ್ರಕಟಣೆಗಳು ಉಬ್ಬಿಸಿದ್ದವು. ಪ್ರಾಣಿಗಳ ಮೇಲಿನ ಫಲವನ್ನು ಮನುಷ್ಯರಿಗೆ ಅಂಟಿಸಿದ್ದು ಶೇ 36ರಷ್ಟು. ಅಂದರೆ ಗಾಳಿ ಊದುವ ಕೆಲಸ ಆಗುವುದು ವಿಶ್ವವಿದ್ಯಾಲಯದ ಪ್ರಚಾರ ವಿಭಾಗದಲ್ಲೇ. ಎತ್ತು ಈಯಿತು ಎಂದವರು ಅವರು, ಕೊಟ್ಟಿಗೆಗೆ ಕಟ್ಟು ಎಂದವರು ಇವರು. ಆ ಪ್ರಕಟಣೆಗೆ ಒಪ್ಪಿಗೆ ಕೊಟ್ಟ ಪ್ರೊಫೆಸರು ಮುಂದಿನ ಅನುದಾನದ ಅರ್ಜಿ ತುಂಬುತ್ತಿದ್ದರು.

ಸೌರಶಕ್ತಿಗೆ ಬನ್ನಿ. ‘ಸಿಲಿಕಾನ್ ಯುಗಾಂತ್ಯ’ ಎಂಬ ಸುದ್ದಿಗೆ ಈಗ ಹದಿಹರೆಯ ಮುಗಿಯುತ್ತಿದೆ. ಪೆರೋವ್‌ಸ್ಕೈಟ್ ಎಂಬ ಹರಳಿನ ಪದರದಿಂದ ಮಾಡುವ ಸೌರಕೋಶದ ದಕ್ಷತೆ 2009ರಲ್ಲಿ ಶೇ 3.8ರಿಂದ ಶುರುವಾಗಿ ಈಗ ಶೇ 26 ದಾಟಿದೆ. ನಿಜವಾಗಿಯೂ ದೊಡ್ಡ ಸಾಧನೆ, ವ್ಯಂಗ್ಯವಿಲ್ಲದೆ ಹೇಳುತ್ತೇನೆ. ಆದರೆ ದಾಖಲೆಯ ಕೋಶದ ಗಾತ್ರ ಕೇಳಬೇಡಿ. ಎಷ್ಟೋ ಸಲ ಅದು 0.1 ಚದರ ಸೆಂಟಿಮೀಟರ್, ಬದಿಗೆ 3 ಮಿಲಿಮೀಟರ್ ಚಿಲ್ಲರೆ. ನೆತ್ತಿಯ ಬಿಸಿಲಿನಲ್ಲಿ ಅದು ಕೊಡುವುದು 2.6 ಮಿಲಿವ್ಯಾಟ್. 10 ವ್ಯಾಟಿನ ಮೊಬೈಲ್ ಚಾರ್ಜರ್ ಓಡಿಸಲು ಅಂಥವು ಸುಮಾರು 3,800 ಬೇಕು.

ಮಾಡುವ ಬಗೆಯನ್ನಾದರೂ ನೋಡಿ. ನೈಟ್ರೋಜನ್ ತುಂಬಿದ ಗ್ಲೋವ್ ಬಾಕ್ಸಿನೊಳಗೆ ಗಾಜಿನ ತುಂಡಿನ ಮೇಲೆ ಸೀಸದ ಅಯೋಡೈಡಿನ ದ್ರಾವಣ ಬಿಟ್ಟು, ನಿಮಿಷಕ್ಕೆ ಕೆಲವು ಸಾವಿರ ಸುತ್ತು ತಿರುಗಿಸುತ್ತಾರೆ. ದ್ರಾವಣದ ಬಹುಪಾಲು ಅಂಚಿನಿಂದ ಸಿಡಿದು ಹಾಳು. ತಿರುಗುತ್ತಿರುವಾಗಲೇ ಕ್ಲೋರೋಬೆಂಜೀನ್ ಸುರಿಯಬೇಕು. ಒಂದೆರಡು ಸೆಕೆಂಡು ಹಿಂದುಮುಂದಾದರೆ ಪದರ ಮಬ್ಬಾಗಿ, ಸೂಜಿಮೊನೆಯ ತೂತು ಬಿದ್ದು, ಕೋಶ ಶಾರ್ಟ್ ಆಗುತ್ತದೆ. ಆಮೇಲೆ 100 ಡಿಗ್ರಿಯ ಹಾಟ್ ಪ್ಲೇಟ್. ಇಂಥ ಹತ್ತಾರು ತುಂಡುಗಳಲ್ಲಿ ಚೆನ್ನಾಗಿ ಬಂದದ್ದು ‘ಚಾಂಪಿಯನ್ ಸೆಲ್’, ಶೀರ್ಷಿಕೆಗೆ ಹೋಗುವುದು ಅದೊಂದೇ. ಅಳೆಯುವಾಗಲೂ ಕಲೆಯಿದೆ. ವೋಲ್ಟೇಜನ್ನು ಮೇಲಿನಿಂದ ಕೆಳಕ್ಕೆ ಇಳಿಸುತ್ತಾ ಅಳೆದರೆ ಒಂದು ಅಂಕಿ, ಏರಿಸುತ್ತಾ ಅಳೆದರೆ ಇನ್ನೊಂದು, ಸಾಮಾನ್ಯವಾಗಿ ಕಡಿಮೆಯದು. ಬೆಳಕಿಗೆ ಮಾಸ್ಕ್ ಇಡದಿದ್ದರೆ ಪಕ್ಕದ ಗಾಜಿನಿಂದಲೂ ಬೆಳಕು ನುಸುಳಿ ಕರೆಂಟು ಹೆಚ್ಚು ತೋರಿಸುತ್ತದೆ. ಬಾಳಿಕೆ? ‘1,000 ಗಂಟೆಯ ಬಳಿಕವೂ ದಕ್ಷತೆ ಉಳಿದಿದೆ’ ಎನ್ನುತ್ತಾರೆ. 1,000 ಗಂಟೆಯೆಂದರೆ 42 ದಿನ, ಅದೂ ಕೆಲವೊಮ್ಮೆ ಕತ್ತಲಲ್ಲಿ, ನೈಟ್ರೋಜನ್ ತುಂಬಿದ ಡಬ್ಬಿಯಲ್ಲಿ. ಸಿಲಿಕಾನ್ ಫಲಕಕ್ಕೆ 25 ವರ್ಷದ ಗ್ಯಾರಂಟಿ, ಮಳೆ ಬಿಸಿಲು ಆಲಿಕಲ್ಲು ಎಲ್ಲ ಸೇರಿ. ಕತ್ತಲಲ್ಲಿ ಬಾಳುವ ಸೌರಕೋಶ ಎಂಬುದು ಮನುಕುಲದ ಯಾವ ಕೊರತೆಯನ್ನು ನೀಗಿಸುತ್ತದೋ.

ಸೌರಫಲಕಗಳನ್ನು ರಸ್ತೆಗೇ ಹಾಸಿದ ಮಹಾನುಭಾವರ ಮುಂದೆ ಇವರು ದೇವರಂಥವರು. ಫ್ರಾನ್ಸಿನ ನಾರ್ಮಂಡಿಯಲ್ಲಿ 2016ರ ಡಿಸೆಂಬರಿನಲ್ಲಿ 50 ಲಕ್ಷ ಯೂರೋ ಸುರಿದು 1 ಕಿ.ಮೀ. ಸೌರರಸ್ತೆ ಉದ್ಘಾಟಿಸಿದರು. ಸೂರ್ಯನ ಕಡೆ ವಾಲಿಸುವಂತಿಲ್ಲ, ಮಲಗಿಸಿಯೇ ಇಡಬೇಕು. ಮೇಲೆ ಮರದ ಎಲೆ, ಟ್ರ್ಯಾಕ್ಟರಿನ ಚಕ್ರ, ಹೋಗುವ ಬರುವ ಕಾರಿನ ನೆರಳು. ಚಕ್ರಗಳ ಸದ್ದಿಗೆ ವೇಗವನ್ನು ಗಂಟೆಗೆ 70 ಕಿ.ಮೀ.ಗೆ ಇಳಿಸಿದರು. ಮೂರು ವರ್ಷ ತುಂಬುವ ಮೊದಲೇ ಕಿತ್ತು ಹೋಗಿ, ವಿಫಲವೆಂದು ಒಪ್ಪಿಕೊಂಡರು. ಫಲಕವನ್ನು ಚಾವಣಿಯ ಮೇಲೆ ಓರೆಯಾಗಿಡಬಹುದು ಎಂಬ ಆವಿಷ್ಕಾರ ಆಗಲೇ ಆಗಿತ್ತು, ಆದರೆ ಅದಕ್ಕೆ ರಿಬ್ಬನ್ ಕತ್ತರಿಸಲು ಮಂತ್ರಿಗಳು ಬರುವುದಿಲ್ಲ.

ಪ್ಲಾಸ್ಟಿಕ್ ತಿನ್ನುವ ಬ್ಯಾಕ್ಟೀರಿಯಾ ಗೊತ್ತಲ್ಲ? ಜಪಾನಿನ ಸಕಾಯ್‌ನಲ್ಲಿ ಸಿಕ್ಕ ಇಡಿಯೊನೆಲ್ಲ ಸಕಾಯೆನ್ಸಿಸ್, 2016. ತಿಂದದ್ದು ಪಿಇಟಿಯ, ಅಂದರೆ ನೀರಿನ ಬಾಟಲಿ ಮಾಡುವ ಬಗೆಯ ಪ್ಲಾಸ್ಟಿಕ್ಕಿನ ತೆಳು ಹಾಳೆ, ಸ್ಫಟಿಕತೆ ಬರೀ ಶೇ 1.9, ಬೇಕಾದದ್ದು 30 ಡಿಗ್ರಿಯಲ್ಲಿ ಆರು ವಾರ. ಬಾಟಲಿಯ ಪಿಇಟಿ ಇದಕ್ಕಿಂತ ಎಷ್ಟೋ ಪಟ್ಟು ಸ್ಫಟಿಕವಾಗಿ ಬಿಗಿದಿರುತ್ತದೆ, ಅಲ್ಲಿ ಹಲ್ಲು ಕೂರುವುದು ಕಷ್ಟ. ಕೈಚೀಲದ ಪಾಲಿಥೀನಿನಲ್ಲಂತೂ ಈ ಬ್ಯಾಕ್ಟೀರಿಯಾದ ಕಿಣ್ವ ಕಡಿಯುವ ಎಸ್ಟರ್ ಬಂಧವೇ ಇಲ್ಲ. 2020ರಲ್ಲಿ ಫ್ರಾನ್ಸಿನವರು ಇನ್ನೊಂದು ಕಿಣ್ವವನ್ನು ತಿದ್ದಿ 10 ಗಂಟೆಯಲ್ಲಿ ಶೇ 90ರಷ್ಟು ಪಿಇಟಿ ಬಿಡಿಸಿದರು. ಅದಕ್ಕೆ ಮೊದಲು ಪ್ಲಾಸ್ಟಿಕ್ಕನ್ನು ಕರಗಿಸಿ, ಥಟ್ಟನೆ ತಣಿಸಿ, ಪುಡಿ ಮಾಡಬೇಕು. ಆಮೇಲೆ 72 ಡಿಗ್ರಿ ಶಾಖ. ಬಿಡುಗಡೆಯಾಗುವ ಆಮ್ಲಕ್ಕೆ ಕಾಸ್ಟಿಕ್ ಸೋಡಾ ಸುರಿಯುತ್ತಲೇ ಇರಬೇಕು. ಕಾರ್ಖಾನೆಗೆ ಒಳ್ಳೆಯ ವಿಧಾನ. ಆದರೆ ಸುದ್ದಿ ಬರುವುದು ‘ಸಾಗರಗಳು ಇನ್ನು ಸ್ವಚ್ಛ’ ಎಂದು. 72 ಡಿಗ್ರಿಯ ಸಾಗರದಲ್ಲಿ ಸ್ವಚ್ಛತೆ ನೋಡಲು ಮೀನು ಉಳಿದಿರಬೇಕಲ್ಲ.

ಸೂಕ್ಷ್ಮಜೀವಿಗಳ ಪೈಕಿ ದೊಡ್ಡ ನಾಟಕ ನಾಸಾದ್ದು. ರಂಜಕದ ಬದಲು ಆರ್ಸೆನಿಕ್ ಬಳಸಿ ಬದುಕುವ ಬ್ಯಾಕ್ಟೀರಿಯಾ ಎಂದು 2010ರಲ್ಲಿ ಪತ್ರಿಕಾಗೋಷ್ಠಿ. ಅನ್ಯಗ್ರಹ ಜೀವಿಯೇ ಬಂತೆಂದು ಜಗತ್ತು ತುದಿಗಾಲಲ್ಲಿ. ಬೆಳೆಸಿದ ದ್ರಾವಣದಲ್ಲೇ ಚೂರುಪಾರು ರಂಜಕವಿತ್ತು. ಜೀವಿ ಅದನ್ನು ಹೆಕ್ಕಿ ಬದುಕುತ್ತಿತ್ತು. 2012ರಲ್ಲೇ ಬೇರೆಯವರು ಅದನ್ನು ತೋರಿಸಿದರು. ‘ಸೈನ್ಸ್’ ಪತ್ರಿಕೆ ಪ್ರಬಂಧ ಹಿಂಪಡೆದದ್ದು 2025ರಲ್ಲಿ.

ಅದೇ 2025ರಲ್ಲಿ ತೋಳ ಬಂತು. ಹತ್ತು ಸಾವಿರ ವರ್ಷಗಳಿಗೂ ಹಿಂದೆ ಅಳಿದ ಡೈರ್ ತೋಳವನ್ನು ಮರಳಿ ತಂದೆವೆಂದು ಕೊಲೋಸಲ್ ಕಂಪನಿ ಬಿಳಿ ಮರಿಗಳನ್ನು ತೋರಿಸಿತು. ಬೂದುತೋಳದ ಜೀನೋಮಿನಲ್ಲಿ, ಅಂದರೆ ಅದರ ಡಿಎನ್‌ಎಯ ಪೂರ್ತಿ ಬರಹದಲ್ಲಿ, ಸುಮಾರು 240 ಕೋಟಿ ಅಕ್ಷರ. ಎರಡಕ್ಕೂ ಶೇ 99.5 ಹೋಲಿಕೆ ಎಂದು ಕಂಪನಿಯೇ ಹೇಳುತ್ತದೆ. ಉಳಿದ ಅರ್ಧ ಪರ್ಸೆಂಟಿಗೇ 1.2 ಕೋಟಿ ವ್ಯತ್ಯಾಸ. ತಿದ್ದಿದ್ದು ಇಪ್ಪತ್ತು. ಬಿಳಿ ಬಣ್ಣಕ್ಕೆ ಡೈರ್ ತೋಳದ ಜೀನ್ ರೂಪಗಳನ್ನೇ ಹಾಕಿದರೆ ಬೂದುತೋಳಕ್ಕೆ ಕಿವುಡು, ಕುರುಡು ಬರಬಹುದೆಂದು ಬೇರೆ ಜೀನ್ ತಿದ್ದಿದರು. ಕತ್ತೆಗೆ ಪಟ್ಟೆ ಬಳಿದು ಜೀಬ್ರಾ ಎಂದಂತೆ, ಅದೂ ಜೀಬ್ರಾದ ಬಣ್ಣ ಸಿಗದೆ ಪಕ್ಕದವರ ಬಣ್ಣ ತಂದು. ಇವು ಇಪ್ಪತ್ತು ತಿದ್ದುಪಡಿಯ ಬೂದುತೋಳಗಳೇ ಎಂದು ಕಂಪನಿಯ ಮುಖ್ಯ ವಿಜ್ಞಾನಿ ಮರುತಿಂಗಳು ಒಪ್ಪಿಕೊಂಡರು. ಅಷ್ಟರಲ್ಲಿ ಅಮೆರಿಕದ ಒಳನಾಡು ಇಲಾಖೆಯ ಮುಖ್ಯಸ್ಥ ಡಗ್ ಬರ್ಗಮ್, ಪ್ರಾಣಿಗಳನ್ನು ಉಳಿಸಲು ನಿಯಮ ಬೇಡ, ಇಂಥ ಆವಿಷ್ಕಾರ ಸಾಕು ಎಂಬ ಧಾಟಿಯಲ್ಲಿ ಬರೆದೂ ಆಗಿತ್ತು. ಇದಕ್ಕೇ ಮೈ ಉರಿಯುವುದು. ಇರುವ ಕಾಡು ಕಡಿಯಲು ಇಲ್ಲದ ತೋಳ ಸಾಕ್ಷಿಗೆ ಬಂತು.

ರಣಹದ್ದುಗಳು ಯಾಕೆ ಸಾಯುತ್ತಿವೆ ಎಂದು ಹುಡುಕಿದವರಿಗೆ ಇಂಥ ಮರಿಗಳಿರಲಿಲ್ಲ. ಕೊಳೆಯುತ್ತಿರುವ ಹದ್ದುಗಳನ್ನು ಕೊಯ್ದು ನೋಡಿದರು. ಒಳಾಂಗಗಳ ಮೇಲೆಲ್ಲ ಯೂರಿಕ್ ಆಮ್ಲದ ಬಿಳಿ ಪುಡಿ, ಅಂದರೆ ಮೂತ್ರಪಿಂಡ ಸೋತಿದೆ. ರೋಗಾಣು ಇಲ್ಲ, ಕೀಟನಾಶಕ ಇಲ್ಲ. ಜಾನುವಾರುಗಳಿಗೆ ಕೊಡುವ, ಮೂತ್ರಪಿಂಡ ಕೆಡಿಸಬಲ್ಲ ಔಷಧ ಯಾವುದು ಎಂದು ವಿಚಾರಿಸುತ್ತಾ ಹೋಗಿ, 2004ರಲ್ಲಿ ಡೈಕ್ಲೋಫೆನ್ಯಾಕ್ ಎಂಬ ನೋವಿನ ಮದ್ದನ್ನು ಹಿಡಿದರು. ಎರಡೇ ವರ್ಷದಲ್ಲಿ ಭಾರತ, ಪಾಕಿಸ್ತಾನ, ನೇಪಾಳದಲ್ಲಿ ಪಶುಗಳಿಗೆ ಅದರ ಬಳಕೆ ನಿಷೇಧವಾಯಿತು. ಸತ್ತ ಹದ್ದಿನ ಫೋಟೊ ಚೆಂದ ಬರುವುದಿಲ್ಲ.

ಕಂಪ್ಯೂಟರ್ ವಿದ್ವಾಂಸರನ್ನು ಬಿಟ್ಟರೆ ಅವರಿಗೆ ಬೇಜಾರಾದೀತು. ಎಕ್ಸ್‌ರೇ ನೋಡಿ ಕೋವಿಡ್ ಹಿಡಿಯುವ ಎಐ ಬಗ್ಗೆ 2020ರಲ್ಲಿ ದಿನಕ್ಕೊಂದು ಸುದ್ದಿ. ಕೇಂಬ್ರಿಜ್ ಮುಂದಾಳತ್ವದ ತಂಡ 2,212 ಅಧ್ಯಯನ ಜಾಲಾಡಿ, ಗುಣಮಟ್ಟದ ಜರಡಿಯಲ್ಲಿ ಉಳಿದ 62ನ್ನು ಪೂರ್ತಿ ಓದಿತು. ಆಸ್ಪತ್ರೆಯಲ್ಲಿ ಬಳಸಬಹುದಾದದ್ದು ಸೊನ್ನೆ. ಹಲವರು ಕೋವಿಡ್ ಇಲ್ಲದವರ ಚಿತ್ರಗಳೆಂದು ಒಂದರಿಂದ ಐದು ವರ್ಷದ ಮಕ್ಕಳ ಎಕ್ಸ್‌ರೇ ಹಾಕಿದ್ದರು, ಕೋವಿಡ್ ಇದ್ದವರೆಲ್ಲ ದೊಡ್ಡವರು. ಯಂತ್ರ ಜಾಣತನದಿಂದ ಕಲಿತದ್ದು ಮಕ್ಕಳು ಯಾರು, ದೊಡ್ಡವರು ಯಾರು ಎಂಬುದನ್ನು. ಅದಕ್ಕೆ ಎಕ್ಸ್‌ರೇ ಬೇಕಿರಲಿಲ್ಲ.

ಇನ್ನು ಕ್ವಾಂಟಂ. 2024ರ ಡಿಸೆಂಬರಿನಲ್ಲಿ ಗೂಗಲ್‌ನ ವಿಲ್ಲೊ ಚಿಪ್ ಐದು ನಿಮಿಷದಲ್ಲಿ ಮಾಡಿದ ಲೆಕ್ಕಕ್ಕೆ ಸೂಪರ್ ಕಂಪ್ಯೂಟರಿಗೆ 1ರ ಮುಂದೆ 25 ಸೊನ್ನೆಯಷ್ಟು ವರ್ಷ ಬೇಕಂತೆ. ಲೆಕ್ಕ ಯಾವುದು? ಮನಬಂದಂತೆ ಜೋಡಿಸಿದ ಸರ್ಕ್ಯೂಟಿನಿಂದ ಮನಬಂದಂತೆ ಅಂಕಿ ತೆಗೆಯುವುದು. ಆ ಅಂಕಿ ಯಾರಿಗೂ ಬೇಡ. ಅಂದೇ ಸಂಜೆಗೆ ‘ನಿಮ್ಮ ಬ್ಯಾಂಕ್ ಪಾಸ್‌ವರ್ಡ್ ಬಯಲು’ ಎಂಬ ವಿಡಿಯೊಗಳು ಶುರು. ಪಾಸ್‌ವರ್ಡ್ ಕಾಯುವ ಗೂಢಲಿಪಿ ಮುರಿಯಬೇಕಾದರೆ ನೂರಾರು ಅಂಕಿಗಳ ಸಂಖ್ಯೆಯನ್ನು ಅಪವರ್ತನ ಮಾಡಬೇಕು. ಅದಕ್ಕಿರುವ ಶೋರ್ ವಿಧಾನದಿಂದ ಕ್ವಾಂಟಂ ಯಂತ್ರ 2001ರಲ್ಲಿ 15 ಬಿಡಿಸಿತು, 2012ರಲ್ಲಿ 21. 2019ರಲ್ಲಿ 35ಕ್ಕೆ ಕೈ ಹಾಕಿದರು, ದೋಷಗಳು ಪೇರಿಕೊಂಡು ಯಂತ್ರ ಕೈಚೆಲ್ಲಿತು. ಐದೇಳ್ಲಿ ಮೂವತ್ತೈದು.