ಸೈಲೆನ್ಸರ್ ಸಂಹಾರ ಪ್ರಸಂಗ

ಆ ಫೋಟೊ ಈ ವಾರ ಮತ್ತೆ ಬಂದಿದೆ. ಕಿವಿಗಡಚಿಕ್ಕುವ ಸದ್ದು ಮಾಡುತ್ತವೆಂದು ಪೊಲೀಸರು ಬೈಕ್‌ಗಳಿಂದ ಕಿತ್ತು ತಂದು ಡಾಂಬರು ರಸ್ತೆಯ ಮೇಲೆ ಸಾಲಾಗಿ ಮಲಗಿಸಿದ ಸೈಲೆನ್ಸರ್‌ಗಳು, ಅವುಗಳ ಕಡೆಗೆ ಗಜಗಾಂಭೀರ್ಯದಿಂದ ಉರುಳಿ ಬರುತ್ತಿರುವ ಹಳದಿ ರೋಡ್ ರೋಲರ್, ಹಿಂದೆ ಮದುವೆಯ ಗ್ರೂಪ್ ಫೋಟೊಗೆ ನಿಂತವರಂತೆ ನಿಂತ ಅಧಿಕಾರಿ ವರ್ಗ. ಯಾವ ಊರಿನದೆಂದು ಕೇಳಬೇಡಿ. ಉಡುಪಿಯ ಫೋಟೊವನ್ನು ಶಿವಮೊಗ್ಗದ ಸುದ್ದಿಗೆ ಹಾಕಿದರೂ, ಪುಣೆಯದನ್ನು ವಿಶಾಖಪಟ್ಟಣದ ಸುದ್ದಿಗೆ ಹಾಕಿದರೂ ಓದುಗರಿಗೆ ವ್ಯತ್ಯಾಸ ತಿಳಿಯದು. ಯಕ್ಷಗಾನದಲ್ಲಿ ಮಹಿಷಾಸುರನ ವಧೆ ಪ್ರತಿ ವರ್ಷವೂ ನಡೆಯುತ್ತದೆ. ಮರುವರ್ಷ ಅವನು ಹೊಸ ಬಣ್ಣ ಬಳಿದುಕೊಂಡು, ಪಂಜಿನ ಬೆಳಕಿನಲ್ಲಿ ಸಭಿಕರ ನಡುವಿನಿಂದಲೇ ಅಬ್ಬರಿಸುತ್ತ ಬರುತ್ತಾನೆ. ಸೈಲೆನ್ಸರ್ ಸಂಹಾರವೂ ಈಗ ಅಂಥದ್ದೇ ಒಂದು ಹರಕೆಯಾಟ. ವೀಳ್ಯ ಮಾತ್ರ ಸರ್ಕಾರದ್ದು.

ಮೊದಲಿಗೆ ರೋಡ್ ರೋಲರ್‌ಗೆ ನನ್ನ ನಮಸ್ಕಾರ ಸಲ್ಲಬೇಕು. ನಮ್ಮ ಬಡಾವಣೆಯ ರಸ್ತೆಯನ್ನು ಅಗೆದು ಜಲ್ಲಿ ಹರಡಿ ಹೋದವರು ಐದು ತಿಂಗಳಿನಿಂದ "ರೋಲರ್ ಬರ್ಬೇಕು ಸಾರ್" ಎಂದು ಹೇಳುತ್ತಲೇ ಇದ್ದರು. ಅದು ಎಲ್ಲಿಗೆ ಹೋಗಿತ್ತೆಂಬುದು ಪತ್ರಿಕೆ ನೋಡಿದ ಮೇಲೆ ಅರ್ಥವಾಯಿತು. ರಸ್ತೆಯನ್ನು ಸಮ ಮಾಡುವ ಕ್ಷುದ್ರ ಕೆಲಸದಿಂದ ಸಮಾಜವನ್ನು ಸಮ ಮಾಡುವ ಕೆಲಸಕ್ಕೆ ಬಡ್ತಿ ಪಡೆದಿರುವ ಆ ಯಂತ್ರದ ವಿಷಯದಲ್ಲಿ ನಾನು ಇನ್ನು ಮುಂದೆ ದೂರುವುದಿಲ್ಲ.

ಆದರೆ ಆ ಫೋಟೊದೊಳಗೆ ಬಾರದ ರಸ್ತೆಯೊಂದಿದೆ. ಬೆಂಗಳೂರಿನ ಪುರಭವನದ ಬಳಿಯಿಂದ ಮಿನರ್ವ ವೃತ್ತದ ಕಡೆಗೆ ಸಾಗುವ ಜೆ.ಸಿ. ರಸ್ತೆ ಮತ್ತು ಅದರ ಅಡ್ಡರಸ್ತೆಗಳು ವಾಹನಗಳ ಬಿಡಿಭಾಗಗಳಿಗೆ ತವರುಮನೆ ಇದ್ದಂತೆ. ಉತ್ತರದವರಿಗೆ ದೆಹಲಿಯ ಕಾಶ್ಮೀರಿ ಗೇಟ್ ಮತ್ತು ಕರೋಲ್ ಬಾಗ್ ಹೇಗೋ ನಮಗೆ ಇದು ಹಾಗೆ. ಸ್ಕೂಟರಿನ ಒಡೆದ ಕನ್ನಡಿಗೆ ಬದಲಿ ಹುಡುಕಿಕೊಂಡು ಹೋದ ತಿಂಗಳು ನಾನೂ ಅಲ್ಲಿಗೆ ಹೋಗಿದ್ದೆ. ಅಂಗಡಿಯ ಸೂರಿನಿಂದ ಸೈಲೆನ್ಸರ್‌ಗಳು ಬಾಳೆಗೊನೆಗಳ ಹಾಗೆ ತೂಗಾಡುತ್ತಿದ್ದವು. ನನ್ನ ಕೈಯಲ್ಲಿದ್ದ ಬಟ್ಟೆಚೀಲವನ್ನು ನೋಡಿ ನಾನು ಯಾವುದೋ ಊರಿನಿಂದ ಮಾಲು ಹಾಕಿಸಿಕೊಳ್ಳಲು ಬಂದ ಚಿಲ್ಲರೆ ಅಂಗಡಿಯವನೆಂದು ತಿಳಿದ ಯಜಮಾನರು, ನಾನು ಬಾಯಿ ತೆರೆಯುವ ಮೊದಲೇ ಹೆಸರುಗಳನ್ನು ಹೇಳಲು ಆರಂಭಿಸಿದರು: ಪಂಜಾಬಿ, ಇಂದೋರಿ, ಡಾಲ್ಫಿನ್, ಮೆಗಾಫೋನ್, ಗೋಲ್ಡ್ ಸ್ಟಾರ್, ಶಾರ್ಟ್ ಬಾಟಲ್, ಲಾಂಗ್ ಬಾಟಲ್. ಹೆದ್ದಾರಿ ಡಾಬಾದ ಊಟದ ಪಟ್ಟಿಯನ್ನೂ ಪಕ್ಕದ ಬಾರಿನ ದರಪಟ್ಟಿಯನ್ನೂ ಒಟ್ಟಿಗೆ ಓದಿದಂತಾಯಿತು. ಸ್ಲೊವೇನಿಯಾ ದೇಶದ ಮಾಜಿ ಬೈಕ್ ರೇಸರ್ ಇಗೊರ್ ಅಕ್ರಾಪೊವಿಚ್ ಎಂಬವರು 1990ರಲ್ಲಿ ಸೈಲೆನ್ಸರ್ ತಯಾರಿಕೆಗೆ ಕೈಹಾಕಿದಾಗ, ಒಂದು ದಿನ ತಮ್ಮ ಹೆಸರು ಭಾರತದ ಗಲ್ಲಿಗಳಲ್ಲಿ 'ಫಸ್ಟ್ ಕಾಪಿ' ಮತ್ತು 'ಸೆಕೆಂಡ್ ಕಾಪಿ' ಎಂಬ ಎರಡು ವರ್ಣಗಳಲ್ಲಿ ಡಜನ್ ಲೆಕ್ಕದಲ್ಲಿ ಮಾರಾಟವಾದೀತೆಂದು ಕನಸಿನಲ್ಲಿಯೂ ಎಣಿಸಿರಲಾರರು.

"ಸಿಂಗಲ್ ಪೀಸ್ ಬೇಡ ಸಾರ್, ಡಜನ್ ತಗೊಳ್ಳಿ, ಹೋಲ್‌ಸೇಲ್ ರೇಟ್ ಹಾಕ್ಕೊಡ್ತೀನಿ. ಇದೆಲ್ಲಾ ಮೂವಿಂಗ್ ಐಟಂ" ಎಂದರು ಯಜಮಾನರು.

ಮೂವಿಂಗ್ ಐಟಂ ಎಂಬುದರಲ್ಲಿ ಸಂಶಯವಿಲ್ಲ. ಅದು ಚಲಿಸುವ ದಾರಿಯುದ್ದಕ್ಕೂ ಸರ್ಕಾರ ತೋರುವ ಆದರವನ್ನು ನೋಡಿದರೆ ಕಣ್ಣು ತುಂಬಿ ಬರುತ್ತದೆ. ತಯಾರಕನು ಸಗಟು ವ್ಯಾಪಾರಿಗೆ ಮಾರಿದಾಗ ತೆರಿಗೆ, ಸಗಟು ವ್ಯಾಪಾರಿ ಚಿಲ್ಲರೆಯವನಿಗೆ ಮಾರಿದಾಗ ತೆರಿಗೆ, ಚಿಲ್ಲರೆಯವನು ಕಾಲೇಜು ಹುಡುಗನಿಗೆ ಮಾರಿದಾಗ ತೆರಿಗೆ. ಹಿಂದಿನವನು ಕಟ್ಟಿದ್ದನ್ನು ಕಳೆದು ಉಳಿದದ್ದನ್ನು ಕಟ್ಟಿದರಾಯಿತು. ಇಂಥ ಬಿಡಿಭಾಗಗಳ ಮೇಲೆ ಮೊದಲು ನೂರಕ್ಕೆ 28 ರೂಪಾಯಿ ಜಿಎಸ್‌ಟಿ ಇತ್ತು. 2025ರ ಸೆಪ್ಟೆಂಬರ್ 22ರಿಂದ, ಬಡವರಿಗೆ ಭಾರವಾಗಬಾರದೆಂದೋ ಏನೋ, ಅದು 18 ರೂಪಾಯಿಗೆ ಇಳಿದಿದೆ. ರಾಜ್ಯದೊಳಗಿನ ಮಾರಾಟವಾದರೆ ಅದರಲ್ಲಿ 9 ಕೇಂದ್ರಕ್ಕೆ, 9 ರಾಜ್ಯಕ್ಕೆ. 50 ಸಾವಿರ ರೂಪಾಯಿ ಮೀರಿದ ಮಾಲು ಕಲಾಸಿಪಾಳ್ಯದ ಪಾರ್ಸೆಲ್ ಆಫೀಸಿನಿಂದ ಲಾರಿ ಹತ್ತಬೇಕಾದರೆ ಇ-ವೇ ಬಿಲ್ ಎಂಬ ಸಾಗಣೆ ಪತ್ರ ಇರಲೇಬೇಕು. ದಾರಿಯಲ್ಲಿ ತೆರಿಗೆ ಅಧಿಕಾರಿಗಳು ಲಾರಿಯನ್ನು ತಡೆದು, ಬಿಲ್ಲಿನಲ್ಲಿ ಎಷ್ಟು ಸೈಲೆನ್ಸರ್‌ಗಳಿವೆಯೋ ಪೆಟ್ಟಿಗೆಯಲ್ಲಿಯೂ ಅಷ್ಟೇ ಇವೆಯೇ ಎಂದು ಎಣಿಸಿ, ಒಂದು ಕಡಿಮೆ ಇದ್ದರೆ ಆತಂಕಗೊಂಡು, ಎಲ್ಲ ತಾಳೆಯಾದರೆ ಶುಭಪ್ರಯಾಣ ಹೇಳಿ ಕಳುಹಿಸುತ್ತಾರೆ. ಅದೇ ಸೈಲೆನ್ಸರ್ ಊರು ಸೇರಿ, ಮೆಕ್ಯಾನಿಕ್ ಹುಡುಗ ಸ್ಪ್ಯಾನರ್ ಹಿಡಿದು ಬೋಲ್ಟ್ ಬಿಗಿ ಮಾಡಿದ ಕ್ಷಣದಲ್ಲಿ ಅದು ಅಪರಾಧವಾಗುತ್ತದೆ. ಬೋಲ್ಟ್ ತಿರುಗುವವರೆಗೆ ರಾಜ್ಯದ ಬೊಕ್ಕಸ, ತಿರುಗಿದ ಮೇಲೆ ರಾಜ್ಯದ ರೋಲರ್.

ಕಾನೂನೇನೂ ಮೃದುವಾಗಿಲ್ಲ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 182ಎ ಕಲಮಿನ ಪ್ರಕಾರ, ವಾಹನವನ್ನು ನಿಯಮ ಮೀರಿ ಮಾರ್ಪಡಿಸಿದ ಮಾಲೀಕನಿಗೆ 6 ತಿಂಗಳವರೆಗೆ ಸೆರೆವಾಸ, ಅಥವಾ ಪ್ರತಿ ಮಾರ್ಪಾಟಿಗೆ 5,000 ರೂಪಾಯಿ ದಂಡ, ಅಥವಾ ಎರಡೂ. ಸದ್ದಿನ ಮಿತಿ ಮೀರಿದರೆ 190ನೆಯ ಕಲಮಿನಲ್ಲಿ 10,000 ರೂಪಾಯಿವರೆಗಿನ ದಂಡ ಬೇರೆ ಇದೆ, ಲೈಸೆನ್ಸ್ 3 ತಿಂಗಳು ಅನರ್ಹವೂ ಆಗಬಹುದು. ಅದೇ ವರ್ಷದ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ, ತಯಾರಕರು ನಿಗದಿಪಡಿಸಿದ ಸ್ವರೂಪಕ್ಕೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ ಎಂದು ಹೇಳಿಯಾಗಿದೆ. ಇವೆಲ್ಲವೂ ಬೈಕಿನ ಮೇಲೆ ಕುಳಿತವನನ್ನು ಹುಡುಕಿಕೊಂಡು ಹೋಗುತ್ತವೆ. ಡಜನ್ ಲೆಕ್ಕದಲ್ಲಿ ಕಟ್ಟಿ ಕಳುಹಿಸಿದವನ ಅಂಗಡಿಯ ಮೆಟ್ಟಿಲು ಮಾತ್ರ ಅವುಗಳಿಗೆ ಎತ್ತರವಾಗಿಬಿಡುತ್ತದೆ.

ಅಂಗಡಿಯವರಿಗೂ ಒಂದು ರಕ್ಷಾಕವಚವಿದೆ. ಪೆಟ್ಟಿಗೆಯ ಮೂಲೆಯಲ್ಲಿ, ಭೂತಗನ್ನಡಿ ಹಿಡಿದರೆ ಕಾಣುವ ಅಕ್ಷರಗಳಲ್ಲಿ, ಇದು ರೇಸ್ ಟ್ರ್ಯಾಕಿನ ಬಳಕೆಗೆ ಮಾತ್ರ ಎಂದು ಅಚ್ಚಾಗಿರುತ್ತದೆ. ಬೆಂಗಳೂರಿನವನು ರೇಸ್ ಟ್ರ್ಯಾಕಿನಲ್ಲಿ ಬೈಕ್ ಓಡಿಸಬೇಕೆಂದರೆ ಸುಮಾರು 300 ಕಿಲೋಮೀಟರ್ ದೂರದ, ಶ್ರೀಪೆರಂಬದೂರಿನ ಪಕ್ಕದ ಇರುಂಗಾಟುಕೋಟೆಗೆ ಹೋಗಬೇಕು, ಇಲ್ಲವೇ ಕೊಯಮತ್ತೂರಿನ ಹತ್ತಿರದ ಚೆಟ್ಟಿಪಾಳ್ಯಕ್ಕೆ. ನಾನು ನಿಂತಿದ್ದ ಅಂಗಡಿಯ ಪೆಟ್ಟಿಗೆಗಳ ಮೇಲೆ ಸ್ಕೆಚ್ ಪೆನ್ನಿನಲ್ಲಿ ಬರೆದಿದ್ದ ವಿಳಾಸಗಳು ದಾವಣಗೆರೆ, ಚಿಂತಾಮಣಿ, ಗಂಗಾವತಿ. ಗಂಗಾವತಿಯ ಭತ್ತದ ಗದ್ದೆಗಳ ನಡುವೆ ಸದ್ದಿಲ್ಲದೆ ಯಾರೋ ರೇಸ್ ಟ್ರ್ಯಾಕ್ ಕಟ್ಟಿಸಿರಬೇಕು.

ಸದ್ದಿಲ್ಲದೆ ಎಂದಾಗ ನೆನಪಾಯಿತು. ಈ ಸೈಲೆನ್ಸರ್‌ಗಳ ಬಾಯಿಯೊಳಗೆ ಗೇಣುದ್ದದ ಒಂದು ಕೊಳವೆ ಇರುತ್ತದೆ. ಅದಕ್ಕೆ ಡಿಬಿ ಕಿಲ್ಲರ್ ಎಂದು ಹೆಸರು, ಅಂದರೆ ಡೆಸಿಬಲ್ ಕೊಲ್ಲುವವನು. ಒಂದೇ ಒಂದು ಸ್ಕ್ರೂ ಅದನ್ನು ಹಿಡಿದುಕೊಂಡಿರುತ್ತದೆ. ಆ ಸ್ಕ್ರೂ ಇದ್ದರೆ ಸೈಲೆನ್ಸರ್ ಸಾಕಷ್ಟು ಸಂಭಾವಿತ. ತೆಗೆದರೆ ಇಡೀ ಬೀದಿ ಎದ್ದು ಕೂರುತ್ತದೆ. ಕಂಪನಿಯಿಂದ ಬರುವ ಸೈಲೆನ್ಸರಿನೊಳಗೆ ಅಡ್ಡಗೋಡೆಗಳು, ಸದ್ದನ್ನು ಸುತ್ತಾಡಿಸಿ ದಣಿಸುವ ಕೋಣೆಗಳು ಇರುತ್ತವೆ. 2020ರ ಏಪ್ರಿಲ್‌ನಿಂದ ಬಿಎಸ್-6 ಎಂಬ ಹೊಗೆ ಮಿತಿಯ ನಿಯಮ ಬಂದ ಮೇಲೆ ಹೊಗೆಯ ವಿಷ ಕಳೆಯುವ ಕ್ಯಾಟಲಿಟಿಕ್ ಕನ್ವರ್ಟರ್ ಇಲ್ಲದ ಹೊಸ ಬೈಕ್ ಸಿಗುವುದು ಕಷ್ಟ. ಅಷ್ಟನ್ನೂ ಕಿತ್ತೆಸೆದು ಖಾಲಿ ಕೊಳವೆ ಸಿಕ್ಕಿಸಿದರೆ ಎಂಜಿನ್ನಿಗೆ ಹೇಳಿಕೊಳ್ಳುವಂಥ ಬಲವೇನೂ ಬರುವುದಿಲ್ಲ, ಏಕೆಂದರೆ ಇಂಧನ ಅಳೆದು ಕೊಡುವ ಇಸಿಯು ಹಳೆಯ ಲೆಕ್ಕದಲ್ಲಿಯೇ ಕುಳಿತಿರುತ್ತದೆ. ಸವಾರನಿಗೆ ವೇಗ ಹೆಚ್ಚಿದೆ ಎಂದು ಕಿವಿ ಹೇಳುತ್ತದೆ, ಸ್ಪೀಡೋಮೀಟರ್ ಒಪ್ಪುವುದಿಲ್ಲ. ಸದ್ದಿನಿಂದ ಗಾಡಿ ಮುಂದೆ ಹೋಗುವುದಾಗಿದ್ದರೆ ನಮ್ಮ ಟಿವಿ ಚರ್ಚೆಗಳು ಇಷ್ಟು ಹೊತ್ತಿಗೆ ಚಂದ್ರಲೋಕ ತಲುಪಿರಬೇಕಿತ್ತು.

ಸಂಗೀತದ ಕಡೆಯಿಂದ ಪರಿಹಾರ ಹುಡುಕಿದವರೂ ಇದ್ದಾರೆ. ಕೇಂದ್ರ ಸಾರಿಗೆ ಸಚಿವ ನಿತಿನ್ ಗಡ್ಕರಿಯವರು 2021ರ ಅಕ್ಟೋಬರ್‌ನಲ್ಲಿ ನಾಸಿಕ್‌ನಲ್ಲಿ ಮಾತನಾಡುತ್ತ, ವಾಹನಗಳ ಹಾರ್ನ್‌ಗಳಿಂದ ಕೊಳಲು, ತಬಲಾ, ಹಾರ್ಮೋನಿಯಂನಂಥ ವಾದ್ಯಗಳ ನಾದವೇ ಹೊರಡುವಂತೆ ಕಾನೂನು ತರುವ ಇಂಗಿತ ವ್ಯಕ್ತಪಡಿಸಿದ್ದರು. ಆ ಕಾನೂನು ಬಂದು ಸೈಲೆನ್ಸರ್‌ಗಳಿಗೂ ವಿಸ್ತರಣೆಯಾದರೆ ಜೆ.ಸಿ. ರಸ್ತೆಯವರು ಒಂದೇ ವಾರದಲ್ಲಿ ಸಿದ್ಧರಾಗುತ್ತಾರೆಂಬ ಭರವಸೆ ನನಗಿದೆ. ಕರಾವಳಿಗೆ ಚಂಡೆ ಮಾಡೆಲ್, ಬಯಲುಸೀಮೆಗೆ ಡೊಳ್ಳು ಮಾಡೆಲ್, ಮೈಸೂರಿಗೆ ದಸರಾ ಸ್ಪೆಷಲ್ ನಾಗಸ್ವರ. ಗದಗದ ಅಂಗಡಿಗೆ ಎರಡು ಡಜನ್ ಡೊಳ್ಳು, ಒಂದು ಡಜನ್ ಕರಡಿ ಮಜಲು, ಲಾರಿ ರಸೀದಿಯ ಕಾಪಿ ವಾಟ್ಸ್ಆ್ಯಪ್‌ನಲ್ಲಿ ಕಳುಹಿಸಲಾಗಿದೆ.

2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ರಾತ್ರಿ ಸದ್ದಿನ ಮಿತಿ 45 ಡೆಸಿಬಲ್, ಆಸ್ಪತ್ರೆಯ ಸುತ್ತಲಿನ ನಿಶ್ಶಬ್ದ ವಲಯದಲ್ಲಿ 40. ಹತ್ತು ಡೆಸಿಬಲ್ ಹೆಚ್ಚಾದರೆ ಸದ್ದಿನ ಶಕ್ತಿ ಹತ್ತು ಪಟ್ಟಾಗುತ್ತದೆ. ಹೋದ ವರ್ಷ ನನ್ನ ತಾಯಿಯನ್ನು ಆಸ್ಪತ್ರೆಯಲ್ಲಿ ನೋಡಿಕೊಳ್ಳುತ್ತ ಹನ್ನೊಂದು ರಾತ್ರಿ ಕಳೆದೆ. ಗೇಟಿನ ಎದುರು ನಿಶ್ಶಬ್ದ ವಲಯದ ಫಲಕವಿತ್ತು. ರಾತ್ರಿ ಒಂದೂವರೆಯಿಂದ ಎರಡರ ನಡುವೆ, ಬಹುತೇಕ ಪ್ರತಿ ದಿನ, ಮೂರು ನಾಲ್ಕು ಬೈಕ್‌ಗಳು ಆ ಫಲಕದ ಮುಂದೆಯೇ ಎಂಜಿನ್ ಅರಚಿಸುತ್ತ ಹೋಗುತ್ತಿದ್ದವು. ಪಕ್ಕದ ಹಾಸಿಗೆಯಲ್ಲಿ ಆಪರೇಷನ್ ಆಗಿದ್ದ ಹಿರಿಯರೊಬ್ಬರು ಪ್ರತಿ ಸಲವೂ ಬೆಚ್ಚಿ ಏಳುತ್ತಿದ್ದರು, ಎದ್ದಾಗ ಹೊಲಿಗೆ ಎಳೆದು ನರಳುತ್ತಿದ್ದರು, ಅವರ ಮಗಳು ಏನೂ ಹೇಳದೆ ಕಿಟಕಿಯ ಗಾಜನ್ನು ಮತ್ತೊಮ್ಮೆ ತಳ್ಳಿ ನೋಡುತ್ತಿದ್ದರು. ಅದು ಆಗಲೇ ಮುಚ್ಚಿತ್ತು. ಅವರಿಗೆ ರೋಡ್ ರೋಲರಿನ ಫೋಟೊ ಬೇಕಿರಲಿಲ್ಲ. ಒಂದು ರಾತ್ರಿಯ ನಿದ್ದೆ ಬೇಕಿತ್ತು. ಅದನ್ನು ಕೊಡಲಾಗದವರು ಕ್ಯಾಮೆರಾದ ಮುಂದೆ ಕಬ್ಬಿಣ ಜಜ್ಜಿ ನಮ್ಮಿಂದ ಚಪ್ಪಾಳೆ ಕೇಳುವುದನ್ನು ನೋಡಿ ನನಗೆ ಸಾಕಾಗಿದೆ.

ಮೂಲದಲ್ಲಿ ತಡೆಯಲು ಆಗುವುದೇ ಇಲ್ಲ ಎಂಬ ಮಾತನ್ನೂ ನಂಬಲಾರೆ. ಕಾರಿನ ಸೀಟ್ ಬೆಲ್ಟ್ ಹಾಕದಿದ್ದಾಗ ಕೂಗುವ ಎಚ್ಚರಿಕೆಯ ಬಾಯಿ ಮುಚ್ಚಿಸಲು ಒಂದು ಕ್ಲಿಪ್ಪು ಬರುತ್ತಿತ್ತಲ್ಲ, ಅದರ ವಿಷಯದಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವು 2023ರಲ್ಲಿ ಐದು ಆನ್‌ಲೈನ್ ಮಾರಾಟ ಕಂಪನಿಗಳಿಗೆ ಆದೇಶ ಹೊರಡಿಸಿತು. 13,118 ಮಾರಾಟದ ಪುಟಗಳು ಕಣ್ಮರೆಯಾದವು. ರೋಲರ್ ಬೇಕಾಗಲಿಲ್ಲ, ಡೀಸೆಲ್ ಸುಡಲಿಲ್ಲ, ಯಾರೂ ಸಾಲಾಗಿ ನಿಲ್ಲಲಿಲ್ಲ. ಫೋಟೊ ಸಿಗದಿದ್ದುದರಿಂದಲೇ ಇರಬೇಕು, ಅಂಥ ಕೆಲಸಕ್ಕೆ ಅಷ್ಟಾಗಿ ಯಾರೂ ಮುಂದಾಗುವುದಿಲ್ಲ.

ನನ್ನ ಕನ್ನಡಿ ಸಿಕ್ಕಿತು, ಪಕ್ಕಾ ಬಿಲ್ಲೂ ಸಿಕ್ಕಿತು. ಹೊರಡುವಾಗ ಕುತೂಹಲ ತಡೆಯಲಾರದೆ, ರೋಲರ್ ಓಡಿದ ವಾರ ವ್ಯಾಪಾರ ಬಿದ್ದುಹೋಗುವುದಿಲ್ಲವೇ ಎಂದು ಯಜಮಾನರನ್ನು ಕೇಳಿದೆ. ಅವರು ಒಳಗಿನ ಅಟ್ಟದ ಕಡೆಗೆ ಕೈ ತೋರಿಸಿದರು. ಅಲ್ಲಿ ಧೂಳು ಹಿಡಿದ, ಯಾವ ಅಲಂಕಾರವೂ ಇಲ್ಲದ, ಬೈಕಿನ ಜೊತೆ ಕಂಪನಿಯೇ ಕೊಡುವ ಮಾಮೂಲಿ ಸೈಲೆನ್ಸರ್‌ಗಳ ರಾಶಿ ಇತ್ತು.

"ಗಾಡಿ ಬಿಡಿಸ್ಕೋಬೇಕು ಅಂದ್ರೆ ಸ್ಟೇಷನ್‌ನಲ್ಲಿ ಕಂಪನಿ ಸೈಲೆನ್ಸರ್ ಹಾಕಿಸ್ಕೊಂಡು ಬಾ ಅಂತಾರೆ ಸಾರ್. ಹಳೇದನ್ನ ಹುಡುಗರು ಗುಜರಿಗೆ ಹಾಕಿರ್ತಾರೆ. ಮತ್ತೆ ಇಲ್ಲಿಗೇ ಬರ್ತಾರೆ. ಇದನ್ನ ಹಾಕಿ ಗಾಡಿ ಬಿಡಿಸ್ಕೋತಾರೆ, ಮುಂದಿನ ವಾರ ಇದನ್ನ ನಮಗೇ ವಾಪಸ್ ಕೊಟ್ಟು ಇಂದೋರಿ ತಗೊಂಡು ಹೋಗ್ತಾರೆ."