ಸತ್ಯಾಂಶ: ಬೀಗದ ಚಿಹ್ನೆ ಕಂಡರೆ ಸೈಟ್ ಅಸಲಿಯೇ?

‘ಇಮೇಲ್‌ನ ಲಿಂಕ್ ಒತ್ತಿದಾಗ ಬೀಗದ ಚಿಹ್ನೆ ಬಂದರೆ ಸೈಟ್ ಅಸಲಿ, ಧೈರ್ಯವಾಗಿ ವಿವರ ತುಂಬಿ’ ಎಂಬ ಸಲಹೆ ವಾಟ್ಸಾಪ್‌ನಲ್ಲಿ ಆಗಾಗ ಫಾರ್ವರ್ಡ್ ಆಗುತ್ತದೆ. ಇದು ತಪ್ಪು.

ಬ್ರೌಸರ್‌ನಲ್ಲಿ ಸೈಟಿನ ವಿಳಾಸದ ಪಕ್ಕ ಕಾಣುವ ಈ ಬೀಗ ಹೇಳುವುದು ಇಷ್ಟೇ: ನಿಮ್ಮ ಫೋನಿನಿಂದ ಆ ಸೈಟಿಗೆ ಹೋಗುವ ಮಾಹಿತಿಯನ್ನು ದಾರಿಯಲ್ಲಿ ಬೇರೆಯವರು ಓದಲಾಗದು. ಆಚೆ ತುದಿಯಲ್ಲಿ ಕೂತವನು ಕಳ್ಳನೋ ಸಂಭಾವಿತನೋ ಎಂಬುದು ಅದಕ್ಕೆ ಗೊತ್ತಿಲ್ಲ. ಬೀಗಕ್ಕೆ ಬೇಕಾದ ಪ್ರಮಾಣಪತ್ರ ಲೆಟ್ಸ್ ಎನ್‌ಕ್ರಿಪ್ಟ್‌ನಂಥ ಸಂಸ್ಥೆಗಳಲ್ಲಿ ಪುಕ್ಕಟೆ ಸಿಗುತ್ತದೆ, ವಂಚಕರಿಗೂ ಸಿಗುತ್ತದೆ. ಜನ ಅದನ್ನು ಅಪಾರ್ಥ ಮಾಡಿಕೊಳ್ಳುತ್ತಾರೆಂದೇ ಗೂಗಲ್ 2023ರಲ್ಲಿ ಕ್ರೋಮ್‌ನಿಂದ ಬೀಗವನ್ನು ಕೈಬಿಟ್ಟಿತು.

ನೋಡಬೇಕಾದ್ದು ವಿಳಾಸವನ್ನು, ಅದೂ ಬಲದಿಂದ ಎಡಕ್ಕೆ. ಆದಾಯ ತೆರಿಗೆ ರೀಫಂಡ್ ಹೆಸರಿನ ಮೇಲ್‌ನಲ್ಲಿ ‘ಇನ್‌ಕಮ್‌ಟ್ಯಾಕ್ಸ್ ಡಾಟ್ ಜಿಒವಿ ಡಾಟ್ ಇನ್ ಡಾಟ್ ರೀಫಂಡ್ ಡಾಟ್ ಟಾಪ್’ ಎಂದಿದೆ ಅಂದುಕೊಳ್ಳಿ. ಮೊದಲ ಒಂಟಿ ಓರೆಗೆರೆಗಿಂತ (/) ಹಿಂದಿನ, ಅಥವಾ ಓರೆಗೆರೆ ಇಲ್ಲದಿದ್ದರೆ ವಿಳಾಸದ, ಕೊನೆಯ ಎರಡು ತುಂಡು ‘ರೀಫಂಡ್ ಡಾಟ್ ಟಾಪ್’. ಆ ಹೆಸರು ಯಾರದೋ ಸೈಟಿನ ಮಾಲೀಕ ಅವನೇ. ಎಡಗಡೆ ಇರುವುದೆಲ್ಲ ಬರೀ ಅಲಂಕಾರ. ತೆರಿಗೆ ಇಲಾಖೆಯ ಅಸಲಿ ಸೈಟ್ ಆಗಿದ್ದರೆ ‘ಜಿಒವಿ ಡಾಟ್ ಇನ್’ ಎಂದೇ ಮುಗಿಯಬೇಕಿತ್ತು. ಫೋನಿನಲ್ಲಿ ಉದ್ದದ ವಿಳಾಸದ ಒಂದು ಭಾಗ ಮಾತ್ರ ಕಾಣಬಹುದು, ಹಾಗಾಗಿ ಲಿಂಕನ್ನು ಒತ್ತಿ ಹಿಡಿದು ಪೂರ್ತಿ ಓದಿ. ಇನ್ನೂ ಒಳ್ಳೆಯದು, ಲಿಂಕ್ ಬಿಟ್ಟು ವಿಳಾಸವನ್ನು ನೀವೇ ಟೈಪ್ ಮಾಡಿ.

ಅಂದಹಾಗೆ, ರೀಫಂಡ್‌ಗೆ ತೆರಿಗೆ ಇಲಾಖೆ ಇಮೇಲ್‌ನಲ್ಲಿ ಪಿನ್, ಪಾಸ್‌ವರ್ಡ್, ಕಾರ್ಡ್ ವಿವರ ಕೇಳುವುದಿಲ್ಲ. ಪೋರ್ಟಲ್‌ನಲ್ಲಿ ಮೊದಲೇ ದೃಢೀಕರಿಸಿದ ಬ್ಯಾಂಕ್ ಖಾತೆಗೇ ಹಣ ಬರುತ್ತದೆ.

ಪಾಸ್‌ವರ್ಡ್ ಕೊಟ್ಟುಬಿಟ್ಟಿದ್ದರೆ ಅಸಲಿ ಸೈಟಿಗೆ ಹೋಗಿ ಈಗಲೇ ಬದಲಿಸಿ. ಅದೇ ಪಾಸ್‌ವರ್ಡ್ ಬೇರೆ ಕಡೆ ಇದ್ದರೆ ಅಲ್ಲೂ. ಹಣ ಹೋಗಿದ್ದರೆ ಬ್ಯಾಂಕಿಗೂ ಸೈಬರ್ ವಂಚನೆ ಸಹಾಯವಾಣಿ 1930ಕ್ಕೂ ತಕ್ಷಣ ಕರೆ ಮಾಡಿ. ಹಣ ಮುಂದಿನ ಖಾತೆಗೆ ದಾಟುವ ಮೊದಲೇ ತಡೆಹಿಡಿಸಬೇಕು.